ಟಿಕ್ ಟಿಕ್ ಎಂದ ಮಾತ್ರಕ್ಕೆ ಟ್ಯಾಪೆಟ್ ಅಲ್ಲ: ಹಳೆಯ ಕಾರಿನ ಸದ್ದನ್ನು ಹುಡುಕುವ ಬಗೆ

ಧಾರವಾಡದ ಸಾಧನಕೇರಿಯ ಕಡೆ ಒಂದು ಓಣಿಗೆ ಎರಡೂ ಬದಿಯಲ್ಲಿ ಕಲ್ಲಿನ ಕಂಪೌಂಡ್ ಗೋಡೆಗಳಿವೆ. ನನ್ನ 1997ರ ಮಾರುತಿ 800ಕ್ಕೆ ಏನೋ ಆಗಿದೆ ಎಂದು ಮೊದಲು ಹೇಳಿದ್ದು ಆ ಗೋಡೆಗಳೇ. ದೊಡ್ಡ ರಸ್ತೆಯಲ್ಲಿ ಕೇಳಿಸದ ಸದ್ದು ಅಲ್ಲಿ ಕಿಟಕಿ ಇಳಿಸಿದ ಕೂಡಲೇ ಟಿಕ್ ಟಿಕ್ ಟಿಕ್ ಎಂದು ಮರಳಿ ಬಂದು ಕಿವಿಗೆ ತಾಗಿತು. ಎಕ್ಸಿಲರೇಟರ್ ಒತ್ತಿದರೆ ಅದೂ ಓಡುತ್ತಿತ್ತು, ಬಿಟ್ಟರೆ ಅದೂ ನಿಧಾನವಾಗುತ್ತಿತ್ತು.

ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿದ್ದ ಹುಡುಗ ಬಾನೆಟ್ ಎತ್ತಿ, ಎರಡು ಸಲ ರೇಸ್ ಮಾಡಿ, ‘ಟ್ಯಾಪೆಟ್ ಸೌಂಡ್, ಸರ್’ ಎಂದ. ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ವಾಲ್ವುಗಳನ್ನು ಬಡಿದು ತೆರೆಯುವ ಭಾಗಕ್ಕೆ ಗ್ಯಾರೇಜಿನ ಮಾತಿನಲ್ಲಿ ಟ್ಯಾಪೆಟ್ ಎನ್ನುತ್ತಾರೆ. ಟ್ಯಾಪೆಟ್ ಬಿಗಿ ಮಾಡಿದರು, ಸದ್ದು ಹೋಗಲಿಲ್ಲ. ಇನ್ನಷ್ಟು ಬಿಗಿ ಮಾಡಿದರು, ಆಗಲೂ ಹೋಗಲಿಲ್ಲ. ಮೂರನೆಯ ಸಲ ಹೋದಾಗ ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗವನ್ನೇ, ಇಳಿಸಬೇಕು ಎಂದರು. ಆಗ ನಾನು ಗಾಡಿ ವಾಪಸ್ ತಂದೆ. ಅದೇ ವಾರ ಗದಗಿಗೆ ಮದುವೆಗೆ ಹೋಗಬೇಕಾಗಿತ್ತು. ಅಲ್ಲಿ ನೆಂಟರೊಬ್ಬರು ತಮ್ಮ ಓಣಿಯ ಹಿರಿಯ ಮಿಸ್ತ್ರಿಯ ಬಳಿ ಕರೆದುಕೊಂಡು ಹೋದರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಾರೆ. ಕಾಕಾ ಪಾನಾ (ಸ್ಪ್ಯಾನರ್) ಮುಟ್ಟಲಿಲ್ಲ. ‘ಗಾಡಿ ಇಲ್ಲೇ ಬಿಟ್ಟು ಹೋಗಿರಿ ಸಾಹೇಬರೇ, ರಾತ್ರಿಯೆಲ್ಲ ತಣ್ಣಗಾಗಲಿ. ಬೆಳಿಗ್ಗೆ ನೀವೂ ಬನ್ನಿ, ಇಬ್ಬರೂ ಸೇರಿ ಕೇಳೋಣ’ ಎಂದರು.

ಆ ಬೆಳಿಗ್ಗೆ ಕಲಿತದ್ದು ಮತ್ತು ಆಮೇಲೆ ಸ್ವಂತ ಗಾಡಿಯ ಮೇಲೆ ಕೈ ಪಳಗಿಸಿಕೊಂಡದ್ದು ಇಲ್ಲಿದೆ. ಮಾರುತಿ 800, ಓಮ್ನಿ, ಪದ್ಮಿನಿ, ಅಂಬಾಸಿಡರ್‌ನಂಥ ಹಳೆಯ ಪೆಟ್ರೋಲ್ ಗಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಸ್ಕ್ರೂ ಮತ್ತು ನಟ್ಟಿನಿಂದ ವಾಲ್ವ್ ಅಂತರ ಹೊಂದಿಸುವ ಎಂಜಿನ್‌ಗಳಿಗೆ ಇದೆಲ್ಲವೂ ಸಲ್ಲುತ್ತದೆ. ಎಣ್ಣೆಯ ಒತ್ತಡದಿಂದ ಅಂತರವನ್ನು ತಾನೇ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುವ ಗಾಡಿಗಳಲ್ಲಿ ಹೊಂದಿಸುವ ಕೆಲಸವೇ ಇಲ್ಲ. ಅಂಥ ಗಾಡಿಯವರು ಅಂತರದ ಭಾಗ ಬಿಟ್ಟು ಉಳಿದದ್ದನ್ನು ಓದಬಹುದು.

ಆ ಸದ್ದು ಯಾವುದರದು?

ಎಂಜಿನ್ನಿನೊಂದಿಗೆ ತಿರುಗುವ ಕ್ಯಾಮ್‌ಶಾಫ್ಟಿನ ಉಬ್ಬು, ತಕ್ಕಡಿಯ ಕೋಲಿನಂತೆ ತೂಗುವ ರಾಕರನ್ನು ಒಂದು ತುದಿಯಲ್ಲಿ ಎತ್ತುತ್ತದೆ, ಇನ್ನೊಂದು ತುದಿ ವಾಲ್ವಿನ ತಲೆಯನ್ನು ಒತ್ತಿ ತೆರೆಯುತ್ತದೆ. ಅಂಬಾಸಿಡರ್, ಪದ್ಮಿನಿಗಳಲ್ಲಿ ಕ್ಯಾಮ್ ಕೆಳಗಿರುತ್ತದೆ, ನಡುವೆ ಉದ್ದನೆಯ ಪುಶ್‌ರಾಡ್ ಬರುತ್ತದೆ. 800ರಲ್ಲಿ ಕ್ಯಾಮ್ ಹೆಡ್ಡಿನಲ್ಲೇ ಇದೆ. ಯಾವುದೇ ಆಗಲಿ, ವಾಲ್ವ್ ಮುಚ್ಚಿರುವಾಗ ರಾಕರಿಗೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟಿರುತ್ತಾರೆ. ಬಿಸಿಗೆ ಲೋಹ ಹಿಗ್ಗಿದಾಗಲೂ ವಾಲ್ವ್ ಪೂರ್ತಿ ಕುಳಿತುಕೊಳ್ಳಬೇಕು, ಅದಕ್ಕಾಗಿ. ಆ ಜಾಗ ಹೆಚ್ಚಾದರೆ ರಾಕರ್ ಪ್ರತಿ ಸಲವೂ ಸ್ವಲ್ಪ ದೂರದಿಂದ ಬಂದು ಬಡಿಯುತ್ತದೆ. ಅದೇ ಟಿಕ್.

ಜಾಗ ಕಡಿಮೆಯಾದರೆ? ಸದ್ದೇ ಇರುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ನನ್ನ ಗಾಡಿಯ ಕಥೆ ಕೊನೆಗೆ ತಿರುಗಿದ್ದು ಇಲ್ಲಿಯೇ.

ಮೊದಲು ಎಣ್ಣೆ

ಇದು ಎರಡು ನಿಮಿಷದ ಕೆಲಸ, ಆದರೆ ಇದನ್ನು ಬಿಟ್ಟು ಮುಂದೆ ಹೋದವರೇ ಹೆಚ್ಚು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಐದಾರು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಿ. ಕೆಳಗಿನ ಗೆರೆಗಿಂತ ಇಳಿದಿದ್ದರೆ ಮೊದಲು ತುಂಬಿಸಿ, ಒಂದು ದಿನ ಓಡಿಸಿ, ಆಮೇಲೆ ಸದ್ದಿನ ಮಾತು. ಎಣ್ಣೆ ಕಡಿಮೆಯಾದಾಗ ಅದರ ಬರ ಮೊದಲು ಗೊತ್ತಾಗುವ ಜಾಗಗಳಲ್ಲಿ ಎಂಜಿನ್ನಿನ ತಲೆಯೂ ಒಂದು. ರಾಕರ್ ಶಾಫ್ಟಿಗೆ ಎಣ್ಣೆ ಸಣ್ಣ ತೂತುಗಳ ಮೂಲಕ ಹೋಗುತ್ತದೆ. ವರ್ಷಗಟ್ಟಲೆ ಎಣ್ಣೆ ಬದಲಿಸದ ಗಾಡಿಯಲ್ಲಿ ಆ ತೂತುಗಳಲ್ಲಿ ಕಪ್ಪು ರಾಡಿ ಕಟ್ಟಿಕೊಂಡಿರುತ್ತದೆ.

ಎಣ್ಣೆಯ ದರ್ಜೆ ಗಾಡಿಯ ಕೈಪಿಡಿ ಹೇಳಿದ್ದೇ ಇರಲಿ. ನಮ್ಮ ಕಡೆಯ ಹವೆಗೆ ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ 20ಡಬ್ಲ್ಯೂ40 ಬಳಸುವುದು ರೂಢಿ. ‘ದಪ್ಪ ಎಣ್ಣೆ ಹಾಕಿ, ಸದ್ದು ಹೋಗುತ್ತದೆ’ ಎನ್ನುವವರು ಸಿಗುತ್ತಾರೆ. ಹಲ್ಲುನೋವಿಗೆ ಲವಂಗ ಕಚ್ಚಿದ ಹಾಗೆ, ನೋವು ಅಡಗುತ್ತದೆ, ಹುಳುಕು ಅಲ್ಲೇ ಇರುತ್ತದೆ. ಡಬ್ಬಿಯಲ್ಲಿ ಬರುವ ‘ಸದ್ದು ನಿಲ್ಲಿಸುವ’ ದ್ರವಗಳ ಬಗ್ಗೆಯೂ ನನ್ನ ಅಭಿಪ್ರಾಯ ಅದೇ.

ಎಂಜಿನ್ ಚಾಲೂ ಇರುವಾಗ ಎಣ್ಣೆಯ ಕೆಂಪು ದೀಪ ಮಿಣುಕುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಗಾಡಿಯನ್ನು ಎಳೆಸಿಕೊಂಡು ಹೋಗಿ ಎಣ್ಣೆಯ ಒತ್ತಡವನ್ನು ಗೇಜ್ ಹಾಕಿ ನೋಡಿಸಿ.

ತಣ್ಣನೆಯ ಬೆಳಗು

ರಾತ್ರಿಯೆಲ್ಲ ನಿಂತ ಗಾಡಿಯ ಮೊದಲ ಐದು ನಿಮಿಷ ಹೇಳುವಷ್ಟನ್ನು ಹಗಲೆಲ್ಲ ಓಡಿಸಿದರೂ ಅದು ಹೇಳುವುದಿಲ್ಲ. ಗ್ಯಾರೇಜಿಗೆ ಗಾಡಿ ತಲುಪುವ ಹೊತ್ತಿಗೆ ಬಿಸಿಯಾಗಿರುತ್ತದೆ, ಹಾಗಾಗಿ ಅರ್ಧ ಸಾಕ್ಷಿ ದಾರಿಯಲ್ಲೇ ಕಳೆದಿರುತ್ತದೆ. ಆದ್ದರಿಂದ ಈ ಕೆಲಸ ಮಾಲೀಕನೇ ಮಾಡಬೇಕಾದದ್ದು.

ಬಾನೆಟ್ ಎತ್ತಿಟ್ಟು, ಮನೆಯವರೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ, ನೀವು ಎದುರಿಗೆ ನಿಲ್ಲಿ. ಮೊಬೈಲಿನಲ್ಲಿ ಧ್ವನಿಮುದ್ರಣ ಶುರು ಮಾಡಿಟ್ಟುಕೊಳ್ಳಿ. ಚಾಲೂ ಆದ ಮೊದಲ ಎರಡು ಮೂರು ಸೆಕೆಂಡ್ ಕಟಕಟ ಎಂದು ಆಮೇಲೆ ಅಡಗಿದರೆ, ರಾತ್ರಿ ಇಳಿದ ಎಣ್ಣೆ ಮತ್ತೆ ಮೇಲೇರುವವರೆಗಿನ ಸದ್ದು ಅದು. ಹೈಡ್ರಾಲಿಕ್ ಟ್ಯಾಪೆಟ್ಟಿನ ಗಾಡಿಗಳಲ್ಲಿ ಇದು ಸಾಮಾನ್ಯ, ಹೆದರಬೇಕಾಗಿಲ್ಲ. ತಣ್ಣಗಿದ್ದಾಗ ಜೋರಾಗಿದ್ದು, ಐದು ಹತ್ತು ನಿಮಿಷದಲ್ಲಿ ಕರಗುತ್ತ ಹೋದರೆ ಎರಡು ಅನುಮಾನ: ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಹೆಡ್ಡಿನಿಂದ ಹೊಗೆ ಒಯ್ಯುವ ಕೊಳವೆಯ) ಸೋರಿಕೆ ಅಥವಾ ಸವೆದ ಪಿಸ್ಟನ್. ಲೋಹ ಹಿಗ್ಗಿದಾಗ ಎರಡರ ಸಂದೂ ಮುಚ್ಚಿಕೊಳ್ಳುತ್ತದೆ. ಪಿಸ್ಟನ್ನಿನದು ಟೊಳ್ಳು ಸದ್ದು, ಮಣ್ಣಿನ ಗಡಿಗೆಗೆ ಬೆರಳಿನ ಗೆಣ್ಣಿನಿಂದ ತಟ್ಟಿದ ಹಾಗೆ. ಸೋರಿಕೆಯದು ಚುರುಕಾದ ಟಿಕ್, ಟ್ಯಾಪೆಟ್ಟಿನ ಜೊತೆಗೆ ಗೊಂದಲವಾಗುವುದು ಇದೇ.

ಟ್ಯಾಪೆಟ್ಟಿನ ಸದ್ದು ಹಾಗೆ ಕರಗುವುದಿಲ್ಲ. 800ರ ಹೆಡ್ ಅಲ್ಯೂಮಿನಿಯಮ್ಮಿನದು. ಬಿಸಿಯಾದಾಗ ಅದು ಉಕ್ಕಿನ ವಾಲ್ವಿಗಿಂತ ಹೆಚ್ಚು ಹಿಗ್ಗುವುದರಿಂದ ಅಂತರ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಎಣ್ಣೆಯೂ ತೆಳುವಾಗಿರುತ್ತದೆ. ಹಾಗಾಗಿ ಬಿಸಿ ಎಂಜಿನ್ನಿನಲ್ಲಿ ಅದು ಇನ್ನಷ್ಟು ಸ್ಪಷ್ಟವಾಗಿ ಕೇಳಿಸಬಹುದು.

ನನ್ನ ಗಾಡಿಯ ಸದ್ದು ಗದಗಿನ ಆ ಬೆಳಿಗ್ಗೆ ಮೊದಲು ಜೋರಾಗಿತ್ತು, ಏಳೆಂಟು ನಿಮಿಷದಲ್ಲಿ ಅರ್ಧಕ್ಕಿಳಿಯಿತು. ಕಾಕಾ ಗಡಿಯಾರ ನೋಡುತ್ತ ಕುಳಿತಿದ್ದರು. ‘ಟ್ಯಾಪೆಟ್ ಆಗಿದ್ದರೆ ಹೀಗೆ ನಾಚಿಕೊಳ್ಳುತ್ತಿರಲಿಲ್ಲ’ ಎಂದು ನಕ್ಕರು.

ಲಯ ಹಿಡಿಯುವುದು

ಧಾರವಾಡದ ಸುತ್ತಿನವರಿಗೆ ಇದನ್ನು ಹೇಳಿಕೊಡುವುದು ಸುಲಭ. ಸಂಗೀತ ಕಲಿಯದವರೂ ಇಲ್ಲಿ ತಬಲಾ ಕೇಳಿ ಬೆಳೆದಿರುತ್ತಾರೆ. ಬರಾಬರ್ ಲಯ, ಅದರ ಮೇಲೆ ದುಗುನ್, ಎಂಜಿನ್ನಿನ ಒಳಗೂ ನಡೆಯುವುದು ಅದೇ ಲೆಕ್ಕ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ಸುತ್ತುವಷ್ಟರಲ್ಲಿ ಕ್ಯಾಮ್ ಒಂದು ಸುತ್ತು ಸುತ್ತುತ್ತದೆ. ಕ್ಯಾಮ್ ಬರಾಬರ್ ಆದರೆ ಕ್ರ್ಯಾಂಕ್ ದುಗುನ್. ಪ್ರತಿ ವಾಲ್ವೂ ಕ್ಯಾಮಿನ ಒಂದು ಸುತ್ತಿಗೆ ಒಂದೇ ಸಲ ಬಡಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ಐಡ್ಲಿಂಗಿನಲ್ಲಿ ಎಂಜಿನ್ ನಿಮಿಷಕ್ಕೆ 900 ಸುತ್ತು ಎಂದಿಟ್ಟುಕೊಂಡರೆ ಕ್ಯಾಮಿನದು 450. ಒಂದು ಸಡಿಲ ವಾಲ್ವ್ ಸೆಕೆಂಡಿಗೆ ಏಳೆಂಟು ಸಲ ಟಿಕ್ ಎನ್ನುತ್ತದೆ. ಕಿವಿಗೆ ಬಿಡಿಬಿಡಿಯಾಗಿ ಹಿಡಿಯಲು ಸಾಧ್ಯವಾಗುವ ವೇಗ ಅದು. ಕ್ರ್ಯಾಂಕಿನ ಜೊತೆಗೆ ಬರುವ ಸದ್ದು ಸೆಕೆಂಡಿಗೆ ಹದಿನೈದು, ಅದು ಟರ್ ಎಂಬ ಒಂದೇ ಎಳೆಯಾಗಿಬಿಡುತ್ತದೆ. 800ರ ಆರೂ ವಾಲ್ವ್ ಸಡಿಲವಿದ್ದರೆ ಸೆಕೆಂಡಿಗೆ 45 ಟಿಕ್, ಆಗ ಟಿಕ್ ಎಂಬುದೇ ಉಳಿಯುವುದಿಲ್ಲ, ದರ್ಜಿಯ ಅಂಗಡಿಯ ಹೊಲಿಗೆ ಯಂತ್ರದ ಸದ್ದಾಗುತ್ತದೆ. ಬಿಡಿ ಟಿಕ್ ಕೇಳಿಸಿತೆಂದರೆ ಒಂದೆರಡು ವಾಲ್ವಿನ ತಕರಾರು, ಯಂತ್ರ ಹೊಲಿದಂತೆ ಕೇಳಿಸಿದರೆ ಎಲ್ಲಕ್ಕೂ ಸೆಟಿಂಗ್ ಬೇಕಾಗಿದೆ ಎಂದು ಊಹಿಸಬಹುದು.

ಕಿವಿಯನ್ನು ನಂಬಲಾಗದಿದ್ದರೆ ಪ್ಲಗ್ಗಿನ ಕಿಡಿಯ ಜೊತೆಗೆ ಮಿಂಚುವ ಟೈಮಿಂಗ್ ಲೈಟ್ ತನ್ನಿ. ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ಕಿಡಿಯ ವಿದ್ಯುತ್ ಹಂಚುವ ಭಾಗ) ಇರುವ ಗಾಡಿಯಲ್ಲಿ ಲೈಟಿನ ಕ್ಲಿಪ್ಪನ್ನು ಒಂದನೆಯ ಸಿಲಿಂಡರಿನ ಪ್ಲಗ್ ವಯರಿಗೆ ಹಾಕಿದರೆ ಕ್ರ್ಯಾಂಕಿನ ಎರಡು ಸುತ್ತಿಗೆ ಒಂದು ಸಲ ಮಿಂಚುತ್ತದೆ, ಅಂದರೆ ಕ್ಯಾಮಿನ ಲಯದಲ್ಲಿ. ಬೆಳಕನ್ನು ಗೋಡೆಗೆ ಬಿಟ್ಟು ಸದ್ದಿನೊಂದಿಗೆ ಹೋಲಿಸಿ. ಒಂದು ಮಿಂಚಿಗೆ ಒಂದು ಟಿಕ್ ಆದರೆ ಸದ್ದು ಕ್ಯಾಮಿನ ಲಯದ್ದು. ಎರಡು ಸಮನಾದ ಟಿಕ್ ಬಂದರೆ ಕ್ರ್ಯಾಂಕ್ ಕಡೆಗೆ ನೋಡಬೇಕು. ಟೈಮಿಂಗ್ ಲೈಟ್ ಸಿಗದವರು ಮೊಬೈಲಿನ ಮುದ್ರಣವನ್ನು ಅರ್ಧ ವೇಗದಲ್ಲಿ ಹಾಕಿ ಕೇಳಬಹುದು. ಗುಂಪಿನಲ್ಲಿ ಕಳೆದುಹೋಗಿದ್ದ ಟಿಕ್ ಆಗ ಬೇರೆಯಾಗಿ ನಿಲ್ಲುತ್ತದೆ.

ಇಲ್ಲೊಂದು ಮೋಸವಿದೆ, ನನ್ನ ಗ್ಯಾರೇಜಿನವರು ಬಿದ್ದದ್ದೂ ಅದೇ ಹಳ್ಳಕ್ಕೆ. ಒಂದು ಸಿಲಿಂಡರಿನ ಹೊಗೆ ಹೊರಬರುವುದೂ ಎರಡು ಸುತ್ತಿಗೆ ಒಂದೇ ಸಲ. ಹಾಗಾಗಿ ಮ್ಯಾನಿಫೋಲ್ಡಿನ ಸೋರಿಕೆಯೂ ಕ್ಯಾಮಿನ ಲಯದಲ್ಲೇ ಟಿಕ್ ಎನ್ನುತ್ತದೆ. ಪಿಸ್ಟನ್ ಬಡಿತವೂ ಮುಖ್ಯವಾಗಿ ಉರಿಯುವ ಹೊಡೆತದಲ್ಲಿ ಕೇಳಿಸುವುದರಿಂದ ಅದೂ ಇದೇ ಲಯ. ಲಯ ನೋಡಿ ಬೆಲ್ಟು, ಆಲ್ಟರ್ನೇಟರ್, ವಾಟರ್ ಪಂಪುಗಳನ್ನು ಪಟ್ಟಿಯಿಂದ ತೆಗೆಯಬಹುದೇ ಹೊರತು ಟ್ಯಾಪೆಟ್ಟೇ ಎಂದು ತೀರ್ಪು ಕೊಡಲಾಗದು.

ಎಲ್ಲಿಂದ ಬರುತ್ತಿದೆ?

ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ ಕೇಳುವುದು ಎಲ್ಲ ಮಿಸ್ತ್ರಿಗಳೂ ಬಲ್ಲ ವಿದ್ಯೆ. ಇದಕ್ಕೆ ಕೈ ಹಾಕುವ ಮೊದಲು ಸೆರಗು, ದುಪಟ್ಟಾ, ಸಡಿಲ ತೋಳು, ಕೊರಳ ದಾರ ಎಲ್ಲವನ್ನೂ ಕಟ್ಟಿಕೊಳ್ಳಿ. ಫ್ಯಾನು ಮತ್ತು ಬೆಲ್ಟು ತಿರುಗುತ್ತಿರುತ್ತವೆ. ವಿದ್ಯುತ್ ಫ್ಯಾನ್ ಇರುವ ಗಾಡಿಯಲ್ಲಿ ಎಂಜಿನ್ ಆರಿಸಿದ ಮೇಲೂ ಅದು ಇದ್ದಕ್ಕಿದ್ದಂತೆ ಶುರುವಾಗಬಹುದು.

ಟ್ಯಾಪೆಟ್ ಕವರಿನ ಬೋಲ್ಟುಗಳ ಮೇಲೆ ಒಂದೊಂದಾಗಿ ಊರುತ್ತ ಹೋಗಿ. ಒಂದು ಕಡೆ ಚೂಪಾಗಿ ಕುಟ್ಟಿದಂತಾದರೆ ಆ ಸಿಲಿಂಡರಿಗೆ ಗುರುತು ಹಾಕಿ. ಆಮೇಲೆ ಬ್ಲಾಕಿನ ಕೆಳಭಾಗ, ಸಂಪಿನ (ಕೆಳಗಿನ ಎಣ್ಣೆ ತೊಟ್ಟಿಯ) ಅಂಚಿಗೆ ಬನ್ನಿ. ಕೆಳಗೆ ಹೆಚ್ಚು ಜೋರಾಗಿದ್ದರೆ ಅದು ವಾಲ್ವಿನದಲ್ಲ.

ಗಾಳಿಯ ಸದ್ದಿಗೆ ಸ್ಕ್ರೂ ಡ್ರೈವರ್ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಒಂದು ಮೀಟರ್ ಉದ್ದದ ರಬ್ಬರ್ ಪೈಪು ಬೇಕು. ಒಂದು ತುದಿ ಕಿವಿಗೆ, ಇನ್ನೊಂದನ್ನು ಮ್ಯಾನಿಫೋಲ್ಡ್ ಹೆಡ್ಡಿಗೆ ಸೇರುವ ಸಂದಿನ ಉದ್ದಕ್ಕೂ ಎರಡು ಬೆರಳಿನ ದೂರದಲ್ಲಿ ನಿಧಾನವಾಗಿ ಒಯ್ಯಿರಿ. ಕಾಕಾ ನನಗೆ ಪೈಪು ಕೊಟ್ಟು ಸುಮ್ಮನೆ ನಿಂತರು. ಮೂರನೆಯ ಸಿಲಿಂಡರಿನ ಹತ್ತಿರ ಬಂದಾಗ ಕಿವಿಯಲ್ಲಿ ಯಾರೋ ಪಿಸುಗುಟ್ಟಿ ಉಗುಳಿದ ಹಾಗಾಗಿ ಬೆಚ್ಚಿ ಪೈಪು ಕಿತ್ತೆ. ಟಾರ್ಚ್ ಹಾಕಿ ನೋಡಿದರೆ ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಕಾಡಿಗೆ ತೀಡಿದಂಥ ಕಪ್ಪು ಗೆರೆ. ಇಷ್ಟು ದಿನ ಬರಿಗಣ್ಣಿಗೇ ಕಾಣುವಂತೆ ಅಲ್ಲಿತ್ತು ಅದು. ಎಂಜಿನ್ ಇನ್ನೂ ತಣ್ಣಗಿರುವಾಗಲೇ ಸೋಪಿನ ನೀರು ಚಿಮುಕಿಸಿದರೆ ಗುಳ್ಳೆಯೂ ಏಳುತ್ತದೆ. ಬಿಸಿ ಮ್ಯಾನಿಫೋಲ್ಡಿನ ಮೇಲೆ ಮಾತ್ರ ನೀರು ಹಾಕಬೇಡಿ, ಎರಕದ ಕಬ್ಬಿಣ ಸೀಳೀತು.

ವೇಷ ಹಾಕಿದ ಇತರರು

ಕಾರ್ಬ್ಯುರೇಟರ್ 800ರಲ್ಲಿ ಪೆಟ್ರೋಲ್ ಪಂಪ್ ಕೂಡ ಕ್ಯಾಮಿನಿಂದಲೇ ನಡೆಯುತ್ತದೆ. ಅದರ ಲೀವರ್ ಸವೆದರೆ ಟ್ಯಾಪೆಟ್ಟಿನ ಅಣ್ಣನಂತೆಯೇ ಕೂಗುತ್ತದೆ. ಸ್ಕ್ರೂ ಡ್ರೈವರನ್ನು ಪಂಪಿನ ಮೈಗೆ ಊರಿದರೆ ಸಾಕು, ಗೊತ್ತಾಗುತ್ತದೆ. ಕಾರ್ಬ್ಯುರೇಟರ್ ಇಲ್ಲದ ಎಂಪಿಎಫ್‌ಐ ಗಾಡಿಯಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳು ಸಹಜವಾಗಿಯೇ ಕ್ಲಿಕ್ ಕ್ಲಿಕ್ ಎನ್ನುತ್ತವೆ. ಅದು ಆರೋಗ್ಯದ ಲಕ್ಷಣ. ಸರಿಯಾಗಿ ಕೂರದ ಸ್ಪಾರ್ಕ್ ಪ್ಲಗ್ ಕೂಡ ಟಿಕ್ ಎನ್ನುತ್ತದೆ, ಪ್ಲಗ್ಗಿನ ಬುಡದಲ್ಲಿ ಕಂದು ಕಲೆ ಇರುತ್ತದೆ. ಬೆಲ್ಟಿನ ಕಡೆ ಅನುಮಾನವಿದ್ದರೆ ತಣ್ಣನೆಯ ಎಂಜಿನ್ನಿನಲ್ಲಿ ಬೆಲ್ಟ್ ಕಳಚಿ ಅರ್ಧ ನಿಮಿಷ ಮಾತ್ರ ಓಡಿಸಿ ನೋಡಿ. ಅದಕ್ಕಿಂತ ಹೆಚ್ಚು ಬೇಡ, ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುವ ಗಾಡಿಗಳು ಬಹಳ. ಹಲ್ಲಿನ ಟೈಮಿಂಗ್ ಬೆಲ್ಟನ್ನು ಮಾತ್ರ ಮುಟ್ಟಕೂಡದು, ನಾನು ಹೇಳುತ್ತಿರುವುದು ಹೊರಗೆ ಕಾಣುವ ಬೆಲ್ಟಿನ ಮಾತು.

ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಏರು ಹತ್ತುವಾಗ ಮೇಲಿನ ಗೇರಿನಲ್ಲಿ ಎಕ್ಸಿಲರೇಟರ್ ಒತ್ತಿದರೆ ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದಂತೆ ಸದ್ದು ಬಂದು, ಕಾಲು ತೆಗೆದ ಕೂಡಲೇ ನಿಲ್ಲುತ್ತದೆಯೇ? ಅದು ಇಂಧನ ಹೊತ್ತಿಗೆ ಮುಂಚೆ ಉರಿಯುವ ಸದ್ದು. ಇಗ್ನಿಷನ್ ಟೈಮಿಂಗ್ ನೋಡಿಸಿ. ಟ್ಯಾಪೆಟ್ಟಿಗೂ ಏರಿಗೂ ಸಂಬಂಧವಿಲ್ಲ, ನಿಂತಲ್ಲೇ ರೇಸ್ ಮಾಡಿದರೂ ಅದು ಬರುತ್ತದೆ.

ನಿಜವಾಗಿ ಹೆದರಬೇಕಾದದ್ದು ಪಿಸ್ಟನ್ನಿನ ಕೋಲು ಕ್ರ್ಯಾಂಕಿಗೆ ಸೇರುವಲ್ಲಿರುವ ಬಿಗ್ ಎಂಡ್ ಬೇರಿಂಗಿನ ಬಡಿತಕ್ಕೆ. ಅದು ಟಿಕ್ ಅಲ್ಲ, ಟಕ್ ಕೂಡ ಅಲ್ಲ, ಒಳಗಿನಿಂದ ಕೊಡಲಿ ಕಾವಿನಿಂದ ಗುದ್ದಿದ ಹಾಗೆ ಡೊಗ್ ಡೊಗ್. ಎಂಜಿನ್ ಬಿಸಿಯಾದಷ್ಟೂ, ಭಾರ ಬಿದ್ದಷ್ಟೂ ಜೋರು. ಅನುಮಾನ ಬಂದರೆ ಎಂಜಿನ್ ಆರಿಸಿ ಒಂದು ಪ್ಲಗ್ಗಿನ ವಯರ್ ತೆಗೆದು ಬೇರೊಂದು ಹಳೆಯ ಪ್ಲಗ್ಗಿಗೆ ಚುಚ್ಚಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ, ಪೆಟ್ರೋಲ್ ಪೈಪಿನಿಂದ ದೂರ ಕಟ್ಟಿ. ಆಮೇಲೆ ಚಾಲೂ ಮಾಡಿ. ಆ ಸಿಲಿಂಡರ್ ಉರಿಯದಿದ್ದಾಗ ಸದ್ದು ತಗ್ಗಿದರೆ ತಪ್ಪು ಕೆಳಗಿನ ಬೇರಿಂಗ್ ಅಥವಾ ಪಿಸ್ಟನ್ನಿನದು. ಬದಲಾಗದಿದ್ದರೆ ಮೇಲಿನದು, ವಾಲ್ವಿನ ಕಡೆಯದು. ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಉರಿಯದ ಪೆಟ್ರೋಲ್ ಅದಕ್ಕೆ ಹಾನಿ ಮಾಡುತ್ತದೆ, ಅಂಥದರಲ್ಲಿ ಎಂಜಿನ್ ಆರಿಸಿರುವಾಗಲೇ ಆ ಸಿಲಿಂಡರಿನ ಇಂಜೆಕ್ಟರ್ ಕನೆಕ್ಟರನ್ನು ಬಿಡಿಸಿ ಆಮೇಲೆ ಚಾಲೂ ಮಾಡಿ ನೋಡುವುದು ಮೇಲು. ಚಾಲೂ ಎಂಜಿನ್ನಿನಲ್ಲಿ ಬರಿಗೈಯಿಂದ ವಯರ್ ಕೀಳುವ ಶೂರತನ ಬೇಡ.

ಕವರ್ ತೆಗೆದ ಮೇಲೆ

ಇಷ್ಟೂ ದಾಟಿ ಟ್ಯಾಪೆಟ್ಟೇ ಎಂದು ಅನ್ನಿಸಿದರೆ ಮಾತ್ರ ಕವರ್ ಬಿಚ್ಚಿ. ಬಿಚ್ಚುವ ಮೊದಲು ಅದರ ಸುತ್ತಲಿನ ಧೂಳನ್ನು ಬ್ರಷ್ಷಿನಿಂದ ಕೆರೆದು ಒರೆಸಿ. ನಮ್ಮ ಕಡೆಯ ಎರೆಮಣ್ಣು ಎಣ್ಣೆ ಕುಡಿದು ಕುಳಿತಿರುತ್ತದೆ, ಒಂದು ಹೆಂಟೆ ಒಳಗೆ ಬಿದ್ದರೆ ಮಾಡಿದ ಕೆಲಸವೆಲ್ಲ ಹಾಳು. ಕವರಿನ ಗ್ಯಾಸ್ಕೆಟ್ ಹೊಸದು ತಂದಿಟ್ಟುಕೊಂಡಿರಿ, ಹಳೆಯದನ್ನೇ ಮತ್ತೆ ಹಾಕಿದರೆ ಎಣ್ಣೆ ಜಿನುಗುತ್ತದೆ.

ಮೊದಲು ಕಣ್ಣಿಗೆ ಕೆಲಸ ಕೊಡಿ. ಲಾಕ್ ನಟ್ ಸಡಿಲವಿದೆಯೇ, ಸ್ಪ್ರಿಂಗ್ ಮುರಿದಿದೆಯೇ, ಒಂದು ರಾಕರ್ ಒಣಗಿ ಉಳಿದವು ಎಣ್ಣೆಯಲ್ಲಿ ಮಿಂದಿವೆಯೇ, ಪುಶ್‌ರಾಡ್ ಬಾಗಿದೆಯೇ. ಒಣಗಿದ ರಾಕರ್ ಕಂಡರೆ ಎಣ್ಣೆಯ ತೂತು ಮುಚ್ಚಿದೆ ಎಂದರ್ಥ. ಅಂತರ ಹೊಂದಿಸಿ ಉಪಯೋಗವಿಲ್ಲ, ಶಾಫ್ಟ್ ಬಿಚ್ಚಿ ತೊಳೆಯಬೇಕು.

ಆಮೇಲೆ ಅಳತೆ. ಹೊಂದಿಸುವುದಲ್ಲ, ಬರೀ ಅಳತೆ. ಒಂದು ಕಾಗದದ ಮೇಲೆ ವಾಲ್ವುಗಳನ್ನು ಸಾಲಾಗಿ ಬರೆದುಕೊಂಡು ಈಗಿರುವ ಅಂತರ ಎಷ್ಟು ಎಂದು ಪ್ರತಿಯೊಂದಕ್ಕೂ ಗುರುತು ಹಾಕಿ. ಗ್ಯಾರೇಜುಗಳಲ್ಲಿ ಇದನ್ನು ಯಾರೂ ಮಾಡುವುದಿಲ್ಲ, ನೇರವಾಗಿ ಪಾನಾ ಹಚ್ಚುತ್ತಾರೆ. ಆಗ ಯಾವ ವಾಲ್ವ್ ಸಡಿಲವಾಗಿತ್ತು, ಯಾವುದು ಬಿಗಿಯಾಗಿತ್ತು ಎಂಬ ಸಾಕ್ಷಿಯೇ ಅಳಿಸಿಹೋಗುತ್ತದೆ.

ಅಳತೆ ಕೈಪಿಡಿಯಲ್ಲಿ ಇದ್ದಂತೆ. ತಣ್ಣಗಿರುವಾಗಿನದೋ ಬಿಸಿಯಾಗಿರುವಾಗಿನದೋ ಎಂಬುದನ್ನೂ ನೋಡಿಕೊಳ್ಳಿ, ಎರಡೂ ಬೇರೆ. ನನ್ನ 800ಕ್ಕೆ ತಣ್ಣಗಿರುವಾಗ ಸುಮಾರು 0.15 ಮಿ.ಮೀ. 1489 ಸಿಸಿಯ ಹಳೆಯ ಅಂಬಾಸಿಡರಿಗೆ 0.015 ಇಂಚು, ಅಂದರೆ 0.38 ಮಿ.ಮೀ. ಇಷ್ಟು ವ್ಯತ್ಯಾಸ ಇರುವುದರಿಂದಲೇ ಒಂದು ಗಾಡಿಯ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಬಾರದು. ಅಂಬಾಸಿಡರಿನ ಆರೋಗ್ಯವಂತ ಟ್ಯಾಪೆಟ್ಟೇ 800ರ ರೋಗಿಷ್ಠ ಟ್ಯಾಪೆಟ್ಟಿಗಿಂತ ಹೆಚ್ಚು ಮಾತಾಡುತ್ತದೆ.

ವಾಲ್ವ್ ಪೂರ್ತಿ ಮುಚ್ಚಿರುವಾಗಲೇ ಅಳೆಯಬೇಕು. ಅದಕ್ಕೆ ಎಲ್ಲ ಎಂಜಿನ್ನಿಗೂ ನಡೆಯುವ ಉಪಾಯವಿದೆ. ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಗೇರ್ ನ್ಯೂಟ್ರಲ್ಲಿಗೆ ಹಾಕಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ ಓಡುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಿ. ಒಂದು ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಆಗತಾನೇ ತೆರೆಯಲು ಶುರುವಾದಾಗ ಅದೇ ಸಿಲಿಂಡರಿನ ಇನ್‌ಲೆಟ್ ವಾಲ್ವನ್ನು ಅಳೆಯಿರಿ. ಇನ್‌ಲೆಟ್ ತೆರೆದು ಮತ್ತೆ ಬಹುತೇಕ ಮುಚ್ಚಿಕೊಂಡಾಗ ಎಕ್ಸಾಸ್ಟನ್ನು ಅಳೆಯಿರಿ. ಹೀಗೆ ಒಂದೊಂದೇ ಸಿಲಿಂಡರ್ ಮುಗಿಸಿ. ಅಂಬಾಸಿಡರಿನವರಿಗೆ ಇನ್ನೂ ಸುಲಭದ ಒಂಬತ್ತರ ಲೆಕ್ಕವಿದೆ: ಎಂಟು ವಾಲ್ವುಗಳಿಗೆ ಮುಂದಿನಿಂದ ಒಂದು, ಎರಡು ಎಂದು ಸಂಖ್ಯೆ ಕೊಡಿ. ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು, ಆರನೆಯದು ತೆರೆದಾಗ ಮೂರನೆಯದನ್ನು ಹೊಂದಿಸಬೇಕು. ಎರಡೂ ಕೂಡಿದರೆ ಒಂಬತ್ತು.

ಫೀಲರ್ ಗೇಜ್ ಎಂದರೆ ಗೊತ್ತಾದ ದಪ್ಪದ ತೆಳು ಲೋಹದ ಎಲೆಗಳ ಕಟ್ಟು. ಅದರ ಎಲೆಗೆ ಎಣ್ಣೆ ಹಚ್ಚಿ ಅಂತರದೊಳಗೆ ಹಾಕಿ ಎಳೆಯಿರಿ. ಎಷ್ಟು ಬಿಗಿ ಇರಬೇಕು ಎಂಬುದನ್ನು ಬರೆದು ತಿಳಿಸುವುದು ಕಷ್ಟ. ಮುಚ್ಚಿದ ದಪ್ಪ ಪುಸ್ತಕದ ನಡುವಿನಿಂದ ಬಸ್ ಟಿಕೆಟ್ ಎಳೆದುಕೊಳ್ಳುವಾಗ ಸಿಗುವಷ್ಟು ತಡೆ. ಕೈ ಇನ್ನೂ ಪಳಗದಿದ್ದರೆ ಎರಡು ಎಲೆ ಬಳಸಿ: 800ಕ್ಕಾದರೆ 0.15 ಹೋಗಬೇಕು, 0.20 ಹೋಗಬಾರದು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ತುಸು ಜರುಗಿ ಅಂತರ ಬದಲಾಗುತ್ತದೆ, ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಎಲೆ ಹಾಕಿ ನೋಡಲೇಬೇಕು. ಎಲ್ಲ ಮುಗಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಕವರ್ ಮುಚ್ಚಿ.

ಅಳತೆ ಸರಿಯಿದ್ದೂ ಸದ್ದು ಹೋಗದಿದ್ದರೆ ರಾಕರಿನ ತುದಿಯ ಮೇಲೆ ಉಗುರು ಆಡಿಸಿ. ವರ್ಷಗಟ್ಟಲೆ ಬಡಿದು ಅಲ್ಲೊಂದು ಸಣ್ಣ ಗುಳಿ ಬಿದ್ದಿರುತ್ತದೆ. ಫೀಲರಿನ ಚಪ್ಪಟೆ ಎಲೆ ಗುಳಿಯ ಅಂಚಿನಿಂದ ಅಂಚಿಗೆ ಸೇತುವೆಯಂತೆ ನಿಂತು 0.15 ಎಂದು ತೋರಿಸುತ್ತದೆ. ವಾಲ್ವಿನ ತಲೆ ಮಾತ್ರ ಗುಳಿಯೊಳಗೆ ಇಳಿಯುತ್ತದೆ, ನಿಜವಾದ ಅಂತರ ಅದಕ್ಕಿಂತ ಹೆಚ್ಚು. ಇದನ್ನು ಅರಿಯದೆ ಸದ್ದು ಹೋಗುವವರೆಗೆ ಬಿಗಿ ಮಾಡುತ್ತ ಹೋಗುವವರಿದ್ದಾರೆ. ಆ ರಾಕರನ್ನೋ ಅದರ ಸ್ಕ್ರೂವನ್ನೋ ಬದಲಿಸುವುದೇ ದಾರಿ. ರಾಕರನ್ನು ಹಿಡಿದು ಅಲ್ಲಾಡಿಸಿದಾಗ ಮೇಲೆ ಕೆಳಗೆ ಆಡಿದರೆ ಶಾಫ್ಟ್ ಅಥವಾ ಬುಷ್ ಸವೆದಿದೆ. ಒಂದು ವಾಲ್ವ್ ಉಳಿದವುಗಳಿಗಿಂತ ಕಡಿಮೆ ತೆರೆಯುತ್ತಿದ್ದರೆ ಕ್ಯಾಮಿನ ಉಬ್ಬು ತಿಂದುಹೋಗಿದೆ. ಈ ಎರಡೂ ವರ್ಕ್‌ಶಾಪಿನ ಕೆಲಸ, ಮನೆಯ ಅಂಗಳದ್ದಲ್ಲ.

ಸುಮ್ಮನಿದ್ದ ವಾಲ್ವ್

ಗದಗಿನಲ್ಲಿ ಸೋರಿಕೆ ಸಿಕ್ಕ ಮೇಲೆ ನಾನು ಹೊಸ ಗ್ಯಾಸ್ಕೆಟ್ ಹಾಕಿಸಿಕೊಂಡು ಹೊರಡುವ ಅವಸರದಲ್ಲಿದ್ದೆ. ಕಾಕಾ ಬಿಡಲಿಲ್ಲ. ‘ಎರಡು ಸಲ ಬಿಗಿ ಮಾಡಿಸಿದ್ದೇನೆ ಅಂದಿರಲ್ಲ, ಎಷ್ಟು ಬಿಗಿ ಮಾಡಿದ್ದಾರೆ ನೋಡೋಣ’ ಎಂದು ಕವರ್ ಬಿಚ್ಚಿದರು. ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವುಗಳಿಗೆ 0.05ರ ಎಲೆ ಕೂಡ ಹೋಗಲಿಲ್ಲ. ಎಲೆಯನ್ನು ನನ್ನ ಕೈಗೇ ಕೊಟ್ಟರು. ನಾನು ಒತ್ತಿದರೆ ಅದು ಬಾಗಿತೇ ಹೊರತು ಒಳಗೆ ನುಗ್ಗಲಿಲ್ಲ.

ಅಂತರವಿಲ್ಲದ ವಾಲ್ವ್ ತನ್ನ ಪೀಠದ ಮೇಲೆ ಪೂರ್ತಿ ಕೂರುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಕಾವಿನ ಬಹುಪಾಲನ್ನು ಹೊರಹಾಕುವುದು ಪೀಠಕ್ಕೆ ಅಂಟಿ ಕುಳಿತಿರುವ ಆ ಹೊತ್ತಿನಲ್ಲಿ, ಪೀಠದ ಮೂಲಕ ಹೆಡ್ಡಿಗೆ. ಆ ದಾರಿ ತಪ್ಪಿದರೆ ಅಂಚಿನಿಂದ ಬೆಂಕಿ ನುಸುಳಿ ವಾಲ್ವ್ ಸುಟ್ಟು ಹೋಗುತ್ತದೆ. ಆಗ ನಿಜವಾಗಿಯೂ ಹೆಡ್ ಇಳಿಸಬೇಕಾಗುತ್ತದೆ. ಇದೆಲ್ಲ ನಡೆಯುವಾಗ ಒಂದು ಟಿಕ್ ಕೂಡ ಕೇಳಿಸುವುದಿಲ್ಲ. ಐಡ್ಲಿಂಗ್ ಸ್ವಲ್ಪ ನಡುಗುತ್ತದೆ, ಎಳೆತ ಕಡಿಮೆಯಾಗುತ್ತದೆ, ಅಷ್ಟೇ. ಗ್ಯಾಸ್ ಕಿಟ್ ಹಾಕಿಸಿದ ಓಮ್ನಿ, 800ಗಳವರು ಇದನ್ನು ಇನ್ನೂ ಎಚ್ಚರದಿಂದ ನೋಡಬೇಕು. ಗ್ಯಾಸಿನಲ್ಲಿ ಪೀಠ ಬೇಗ ಸವೆಯುತ್ತದೆ, ವಾಲ್ವ್ ಮೇಲಕ್ಕೆ ಸರಿಯುತ್ತ ಅಂತರವನ್ನು ತಾನೇ ತಿಂದುಹಾಕುತ್ತದೆ. ವರ್ಷ ಕಳೆದಂತೆ ಸದ್ದು ಕಡಿಮೆಯಾಗುತ್ತಿರುವ ಗ್ಯಾಸ್ ಗಾಡಿಯನ್ನು ನೋಡಿ ಖುಷಿಪಡಬೇಡಿ, ಫೀಲರ್ ತನ್ನಿ.

ಅದೃಷ್ಟಕ್ಕೆ ನನ್ನದು ಸುಟ್ಟಿರಲಿಲ್ಲ. ಅಂತರ ಬಿಟ್ಟ ಮೇಲೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದಾಗ ಮೂರೂ ಸಿಲಿಂಡರುಗಳು ಹೆಚ್ಚುಕಡಿಮೆ ಸಮ ತೋರಿಸಿದವು. ಈಗ ಗಾಡಿ ಮೊದಲಿಗಿಂತ ತುಸು ಹೆಚ್ಚೇ ಟಿಕ್ ಎನ್ನುತ್ತದೆ. ಇನ್ನೊಂದು ಚೂರು ಬಿಗಿ ಮಾಡಿದರೆ ಹೇಗೆ ಎಂದು ಕೇಳಿದ್ದಕ್ಕೆ ಕಾಕಾ ಪಾನಾವನ್ನು ಚೀಲಕ್ಕೆ ಹಾಕಿ ಚಹಾ ತರಿಸಿದರು.

ಆರು ಅಂತರಗಳನ್ನೂ ಬರೆದ ಚೀಟಿ, ತಾರೀಖು ಮತ್ತು ಕಿಲೋಮೀಟರ್ ಸಮೇತ, ಬಾನೆಟ್ಟಿನ ಒಳಬದಿಗೆ ಅಂಟಿದೆ. ಮುಂದಿನ ಸಲ ಕವರ್ ಬಿಚ್ಚಿದಾಗ ನಾನು ಮೊದಲು ಅಳೆಯುವುದು ಎರಡು ಮತ್ತು ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವುಗಳನ್ನು.